ನಿಧಿ ಕಲ್ಲಿನಲ್ಲಿ ಏನು ಬರೆದಿತ್ತು?

ನಮ್ಮೂರ ಕೆರೆ ಏರಿ ಮೇಲೆ, ತೂಬಿನಿಂದ ಹತ್ತು ಹೆಜ್ಜೆ ದೂರದಲ್ಲಿ ಒಂದು ಕಲ್ಲು ನಿಂತಿತ್ತು. ಎದೆಮಟ್ಟದ ಕಲ್ಲು. ಮೇಲೆ ಸೂರ್ಯ, ಚಂದ್ರ, ಹಸು, ಕರು ಕೆತ್ತಿದ್ದರು. ಕೆಳಗೆ ಯಾರಿಗೂ ಓದಲು ಬಾರದ ಅಕ್ಷರ. ನಾವು ಚಿಕ್ಕವರಿದ್ದಾಗ ಈಜಲು ಹೋದರೆ ಅದರ ಮೇಲೆ ಬಟ್ಟೆ ಹಾಕುತ್ತಿದ್ದೆವು. ಊರಿನವರು ಅದನ್ನು ನಿಧಿ ಕಲ್ಲು ಎನ್ನುತ್ತಿದ್ದರು. ಅಕ್ಷರ ಓದಿದವನಿಗೆ ಕೊಪ್ಪರಿಗೆ ಸಿಗುತ್ತದೆ ಅಂತ ಒಂದು ಮಾತು.

ಆ ಕಲ್ಲು ಈಗ ಅರ್ಧ ಮಾತ್ರ ಇದೆ. ಅದರಲ್ಲಿ ನನ್ನ ತಪ್ಪೂ ಇದೆ.

ನಾನು ತುಮಕೂರು ಜಿಲ್ಲೆಯಲ್ಲಿ ಒಂದು ಪತ್ರಿಕೆಗೆ ಬಿಡಿ ಸುದ್ದಿಗಾರ. ಸಂಬಳ ಇಲ್ಲ, ಬಂದ ಸುದ್ದಿಗೆ ಇಷ್ಟು ಅಂತ ಕಾಸು. ಕೆಲವು ವರ್ಷದ ಹಿಂದೆ ಹಬ್ಬದ ಸಮಯದಲ್ಲಿ ಡೆಸ್ಕ್‌ನಿಂದ ಫೋನ್ ಬಂತು. 'ಏನಾದ್ರೂ ಕುತೂಹಲದ ಸ್ಟೋರಿ ಇದ್ರೆ ಕಳಿಸ್ರೀ, ಫೋಟೊ ಇರ್ಲಿ' ಅಂದರು. ನನಗೆ ಹೊಳೆದದ್ದು ಈ ಕಲ್ಲು. ಸಂಜೆ ಹೋಗಿ ಫೋಟೊ ತೆಗೆದೆ. ಕೆರೆ ಹತ್ತಿರ ದನ ಕಾಯುತ್ತಿದ್ದ ಇಬ್ಬರನ್ನು ಮಾತಾಡಿಸಿದೆ. 'ಇಲ್ಲಿ ನಿಧಿ ಇದೆ ಎಂಬುದು ಗ್ರಾಮಸ್ಥರ ನಂಬಿಕೆ' ಅಂತ ಬರೆದೆ. 'ಸೂರ್ಯ ಚಂದ್ರರ ಗುರುತು ನಿಧಿಯ ಸಂಕೇತ ಎನ್ನಲಾಗುತ್ತದೆ' ಅಂತ ಇನ್ನೊಂದು ಸಾಲು ಸೇರಿಸಿದೆ. ಎನ್ನಲಾಗುತ್ತದೆ! ಯಾರು ಅಂದರು? ಯಾರೂ ಅನ್ನಲಿಲ್ಲ. ಸುದ್ದಿ ಸ್ವಲ್ಪ ಉದ್ದ ಆಗಲಿ ಅಂತ ನಾನೇ ಹಾಕಿದ್ದು. ಮೂರು ಕಾಲಂ ಬಂತು, ಬಣ್ಣದ ಫೋಟೊ ಸಮೇತ. ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರೂ ಹೆಬ್ಬೆರಳು ಎತ್ತಿದರು.

ಎರಡೂವರೆ ತಿಂಗಳಾದ ಮೇಲೆ ಒಂದು ಅಮಾವಾಸ್ಯೆ ಕಳೆದ ಬೆಳಗ್ಗೆ ನೀರಗಂಟಿ ತಾತ ಫೋನ್ ಮಾಡಿಸಿದರು. ಹೋಗಿ ನೋಡಿದರೆ ಕಲ್ಲಿನ ಬುಡದಲ್ಲಿ ಆಳುದ್ದ ಗುಂಡಿ. ಪಕ್ಕದಲ್ಲಿ ನಿಂಬೆಹಣ್ಣು, ಕುಂಕುಮ, ಒಡೆದ ತೆಂಗಿನಕಾಯಿ. ಕಲ್ಲನ್ನು ಉರುಳಿಸುವಾಗಲೋ, ಒಳಗೆ ಏನಾದರೂ ಇದೆ ಅಂತ ಸುತ್ತಿಗೆ ಹಾಕಿಯೋ, ಮೇಲಿನ ಅರ್ಧ ಚೂರುಚೂರಾಗಿತ್ತು. ಏರಿಯ ಮಣ್ಣೂ ಕುಸಿದಿತ್ತು. ಪೊಲೀಸರು ಬಂದರು, ಮಹಜರು ಆಯಿತು, ಯಾರು ಅಂತ ಗೊತ್ತಾಗಲಿಲ್ಲ.

ನನ್ನ ಸುದ್ದಿ ಓದಿಯೇ ಬಂದರು ಅಂತ ಹೇಳಲು ನನ್ನ ಹತ್ತಿರ ಸಾಕ್ಷಿ ಇಲ್ಲ. ಓದದೆ ಬಂದರು ಅನ್ನಲೂ ಇಲ್ಲ. ಆ ದಿನ ನಾನು 'ನಿಧಿಗಳ್ಳರಿಂದ ಶಾಸನ ಧ್ವಂಸ' ಅಂತ ಮತ್ತೊಂದು ಸುದ್ದಿ ಕಳಿಸಿದೆ. ಅದಕ್ಕೂ ದುಡ್ಡು ಬಂತು.

ನೀರಗಂಟಿ ತಾತ ಅಂದರೆ ನಮ್ಮೂರಲ್ಲಿ ತೂಬು ಎತ್ತಿ ಗದ್ದೆಗೆ ನೀರು ಬಿಡುತ್ತಿದ್ದವರ ಮನೆತನದ ಹಿರಿಯರು. ಕೆರೆಯಲ್ಲಿ ನೀರು ನಿಲ್ಲುವುದೇ ಅಪರೂಪವಾದ ಮೇಲೆ ಅವರಿಗೆ ಆ ಕೆಲಸವಿಲ್ಲ. ಆದರೂ ದಿನಕ್ಕೊಂದು ಸಲ ಏರಿ ಮೇಲೆ ನಡೆದು ಬರುತ್ತಾರೆ. ಅವತ್ತು ಪೊಲೀಸರು ಹೋದ ಮೇಲೆ ಚೂರುಗಳನ್ನು ಒಂದು ಕಡೆ ಗುಡ್ಡೆ ಹಾಕುತ್ತಾ ಕೇಳಿದರು:

'ಅಲ್ಲ ಕಣಪ್ಪ, ಪೇಪರ್‌ಗೆ ಬರ್ದಲ್ಲ, ಅದ್ರಾಗೆ ಏನ್ ಬರ್ದೈತೆ ಅಂತ ಓದಿಸಿದ್ಯಾ?'

ನಾನು ಸುಮ್ಮನೆ ನಿಂತೆ. ಪತ್ರಿಕೋದ್ಯಮದ ಡಿಪ್ಲೊಮಾ ಮಾಡಿದವನು ನಾನು. ಬರೆದದ್ದರ ಬಗ್ಗೆ ಸುದ್ದಿ ಮಾಡುವಾಗ ಮೊದಲು ಕೇಳಬೇಕಾದ ಪ್ರಶ್ನೆ ಅದೇ. ಅದನ್ನು ನಾನು ಕೇಳಲಿಲ್ಲ. ಶಾಲೆಗೆ ಹೋಗದ ತಾತ ಕೇಳಿದರು.

ಡಿಪ್ಲೊಮಾ ಓದುವಾಗ ಮೇಷ್ಟ್ರೊಬ್ಬರು ಬಿ.ಎಲ್. ರೈಸ್ ಹೆಸರು ಹೇಳಿದ್ದು ನೆನಪಿತ್ತು. ರೈಸ್ ಇಂಗ್ಲಿಷರವರಾದರೂ ಹುಟ್ಟಿದ್ದು ಬೆಂಗಳೂರಿನಲ್ಲಿ, 1837ರಲ್ಲಿ. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದರು. ಅವರೂ ಅವರ ಪಂಡಿತರೂ ಊರೂರು ಸುತ್ತಿ, ಕಲ್ಲಿನ ಮೇಲೆ ಒದ್ದೆ ಕಾಗದ ಒತ್ತಿ, ಮಸಿ ಸವರಿ ಪಡಿಯಚ್ಚು ತೆಗೆದು, ಓದಿ, 'ಎಪಿಗ್ರಾಫಿಯಾ ಕರ್ನಾಟಿಕಾ' ಎಂಬ 12 ಸಂಪುಟಗಳಲ್ಲಿ ಅಚ್ಚು ಹಾಕಿದರು. 9,000ದ ಹತ್ತಿರ ಶಾಸನಗಳು. ತುಮಕೂರು ಜಿಲ್ಲೆಯದು 12ನೇ ಸಂಪುಟ, ಅಚ್ಚಾದದ್ದು 1904ರಲ್ಲಿ. ನಮ್ಮೂರ ಕಲ್ಲು ಅಲ್ಲಿರಬಹುದು ಅನ್ನಿಸಿತು. ಇದ್ದರೆ, ಒಡೆದು ಹೋದ ಸಾಲುಗಳೂ ಅಲ್ಲಿರಬೇಕು.

ಪುಸ್ತಕ ಒಂದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆ ಅಂತ ಗೊತ್ತಾಯಿತು. ಬೆಳಗಿನ ಬಸ್ಸಿಗೆ ಹೊರಟು ಹೋದೆ. ಕೌಂಟರಿನಲ್ಲಿದ್ದವರು 'ನೀವು ರಿಸರ್ಚ್ ಸ್ಕಾಲರಾ?' ಅಂದರು. ಅಲ್ಲ ಸರ್ ಅಂದೆ. 'ಗೈಡ್ ಲೆಟರ್ ಇದೆಯಾ?' ಇಲ್ಲ. 'ಅಪರೂಪದ ಪುಸ್ತಕದ ವಿಭಾಗಕ್ಕೆ ಹಾಗೆಲ್ಲ ಬಿಡಲ್ಲ' ಅಂದರು. ಪ್ರೆಸ್ ಕಾರ್ಡ್ ತೋರಿಸಿದೆ. ಅದು ತಾಲ್ಲೂಕು ಕಚೇರಿಯಲ್ಲಿ ಕೆಲಸ ಮಾಡುತ್ತದೆ, ಅಲ್ಲಿ ಮಾಡಲಿಲ್ಲ. ಊರಿಗೆ ವಾಪಸ್ ಬರುವಾಗ ಸಿಟ್ಟು ಬಂದಿತ್ತು. ನಮ್ಮೂರ ಕಲ್ಲಿನ ಮಾತು ಓದಲು ನಾನು ಯಾರ ಅಪ್ಪಣೆ ಕೇಳಬೇಕು ಅಂತ.

ಎರಡನೇ ಸಲ ಬುದ್ಧಿ ಬಂತು. ನನಗೆ ಪಾಠ ಮಾಡಿದ ಮೇಷ್ಟ್ರ ಹತ್ತಿರ ಹೋಗಿ ಒಂದು ಪತ್ರ ಬರೆಸಿಕೊಂಡೆ. ಇಂಥವರು ನನಗೆ ಗೊತ್ತು, ಇಂಥ ಪುಸ್ತಕದ ಇಂಥ ಭಾಗ ನೋಡಬೇಕಾಗಿದೆ, ಅನುಮತಿ ಕೊಡಿ ಅಂತ. ಆಧಾರ್ ಜೆರಾಕ್ಸ್, ಎರಡು ಫೋಟೊ ಇಟ್ಟುಕೊಂಡೆ. ಮೇಲಧಿಕಾರಿಯನ್ನು ಕಂಡು, ಯಾಕೆ ಬೇಕು ಅಂತ ಇದ್ದದ್ದು ಇದ್ದಹಾಗೆ ಹೇಳಿದೆ. ಕಲ್ಲು ಒಡೆದ ಫೋಟೊ ತೋರಿಸಿದೆ. ಅವರು ಫೋಟೊವನ್ನು ದೊಡ್ಡದು ಮಾಡಿ ಸುಮಾರು ಹೊತ್ತು ನೋಡಿದರು. ಆಮೇಲೆ ಸಹಿ ಹಾಕಿದರು.

ಒಳಗಿನ ನಿಯಮಗಳು ಮೊದಲು ಅತಿ ಅನ್ನಿಸಿದವು. ಬ್ಯಾಗು ಹೊರಗೆ, ನೀರಿನ ಬಾಟಲಿ ಹೊರಗೆ. ಪೆನ್ನು ತರುವಂತಿಲ್ಲ, ಪೆನ್ಸಿಲ್ ಮಾತ್ರ. ಕಪಾಟಿನ ಹತ್ತಿರ ನಾವು ಹೋಗುವಂತಿಲ್ಲ. ಚೀಟಿಯಲ್ಲಿ ಪುಸ್ತಕದ ಹೆಸರು ಬರೆದು ಕೊಟ್ಟರೆ ಅವರೇ ತಂದು ಕೊಡುತ್ತಾರೆ. ನನ್ನ ಹತ್ತಿರ ಪೆನ್ಸಿಲ್ ಇರಲಿಲ್ಲ. ಅಲ್ಲಿ ಕೆಲಸ ಮಾಡುವ ಅಕ್ಕ ಒಬ್ಬರು ಡ್ರಾಯರಿನಿಂದ ಮೋಟು ಪೆನ್ಸಿಲ್ ತೆಗೆದು ಕೊಟ್ಟರು. 'ಪೆನ್ನಿನ ಮಸಿ ಬಿದ್ರೆ ಹೋಗಲ್ಲ ಸರ್, ಪೆನ್ಸಿಲ್ ಆದ್ರೆ ಅಳಿಸ್ಬಹುದು' ಅಂದರು.

ಪುಸ್ತಕ ಬಂದಾಗ ನಿಯಮ ಯಾಕೆ ಅಂತ ಅರ್ಥವಾಯಿತು. ಬೈಂಡು ಸಡಿಲವಾಗಿ, ದಾರ ಕಟ್ಟಿ ಇಟ್ಟಿದ್ದರು. ಕಾಗದ ಒಣಗಿದ ಬಾಳೆ ಎಲೆಯ ಹಾಗೆ. ಅಂಚು ಮುಟ್ಟಿದರೆ ಪುಡಿಯಾಗಿ ಮೇಜಿನ ಮೇಲೆ ಬೀಳುತ್ತದೆ. ಅಕ್ಕ ಕೆಳಗೊಂದು ಬಟ್ಟೆ ಹಾಸಿ, ಹಾಳೆಯನ್ನು ಮೇಲಿನ ಮೂಲೆಯಿಂದ ಹಿಡಿದು ತಿರುವುವುದನ್ನು ತೋರಿಸಿಕೊಟ್ಟರು. ಬೆರಳಿಗೆ ಎಂಜಲು ಹಚ್ಚಬಾರದು. ಜೆರಾಕ್ಸ್ ಮಾಡಲು ಕೊಡುವುದಿಲ್ಲ, ಯಾಕೆಂದರೆ ಗಾಜಿನ ಮೇಲೆ ಅದುಮಿದರೆ ಬೆನ್ನು ಮುರಿಯುತ್ತದೆ. ನಮ್ಮೂರಲ್ಲಿ ಕಲ್ಲನ್ನೇ ಉಳಿಸಿಕೊಳ್ಳಲಿಲ್ಲ, ಇಲ್ಲಿ ಕಾಗದವನ್ನು ನೂರಿಪ್ಪತ್ತು ವರ್ಷ ಉಳಿಸಿಕೊಂಡಿದ್ದಾರೆ. ಮೊದಲ ದಿನದ ಸಿಟ್ಟು ಅರ್ಧ ಇಳಿಯಿತು. ಓದಲು ಬರುವ ಹಳ್ಳಿಯವರನ್ನು ಬಾಗಿಲಲ್ಲೇ ತಿರುಗಿಸಿ ಕಳಿಸುವುದು ಸರಿಯಲ್ಲ ಎಂಬ ಅರ್ಧ ಈಗಲೂ ಹಾಗೇ ಇದೆ.

ಇನ್ನು ಹುಡುಕಾಟ. ಸಂಪುಟದಲ್ಲಿ ಒಂದೇ ಶಾಸನ ಮೂರು ರೂಪದಲ್ಲಿರುತ್ತದೆ. ಕನ್ನಡ ಅಕ್ಷರದಲ್ಲಿ ಪಾಠ, ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದದ್ದು, ಮತ್ತೆ ಇಂಗ್ಲಿಷ್ ಅನುವಾದ. ಪ್ರತಿ ತಾಲ್ಲೂಕಿಗೂ ಬೇರೆ ನಂಬರು, ಒಂದರಿಂದ ಶುರು. ಊರಿನ ಹೆಸರು ಈಗ ನಾವು ಬರೆಯುವ ಹಾಗೆ ಇರುವುದಿಲ್ಲ. ತಾಲ್ಲೂಕುಗಳೂ ಬದಲಾಗಿವೆ. ಮಧುಗಿರಿ ಹುಡುಕಿದರೆ ಸಿಗುವುದಿಲ್ಲ, ಆಗ ಅದು ಮದ್ದಗಿರಿ. ನಮ್ಮೂರು ಈಗಿನ ಪಟ್ಟಿಯ ಪ್ರಕಾರ ಎಲ್ಲಿರಬೇಕೋ ಅಲ್ಲಿ ಇರಲೇ ಇಲ್ಲ. ಮಧ್ಯಾಹ್ನದ ಊಟ ಬಿಟ್ಟು ಮೂರು ಗಂಟೆ ಹುಡುಕಿದೆ. ಕೊನೆಗೆ ಪಕ್ಕದ ಊರುಗಳ ಹೆಸರು ಹಿಡಿದು ಹೋದಾಗ, ಒಂದು ಅಕ್ಷರ ಹೆಚ್ಚು ಕಡಿಮೆಯಾಗಿ ನಮ್ಮೂರ ಹೆಸರು ಕಂಡಿತು. ತಲೆಬರಹದಲ್ಲೇ ಬರೆದಿದ್ದರು: ಕೆರೆ ಏರಿ ಮೇಲೆ ನೆಟ್ಟ ಕಲ್ಲು. ಕಲ್ಲಿನ ಅಳತೆಯೂ ಇತ್ತು.

ಒಟ್ಟು 14 ಸಾಲು. ಏರಿ ಮೇಲೆ ಉಳಿದಿರುವುದು ಕೊನೆಯ ಆರು. ಒಡೆದು ಹೋದ ಎಂಟು ಸಾಲು ನನ್ನ ಮುಂದೆ ಕಾಗದದ ಮೇಲಿದ್ದವು. ಕೈ ಸ್ವಲ್ಪ ನಡುಗಿತು, ಸುಳ್ಳು ಯಾಕೆ ಹೇಳಲಿ.

ಓದುವುದು ಸುಲಭವಾಗಿರಲಿಲ್ಲ. ಈಗ ಬಳಕೆಯಲ್ಲಿಲ್ಲದ ಱ, ೞ ಎಂಬ ಅಕ್ಷರ ಬಂದರೆ ನಿಂತುಬಿಡುತ್ತಿದ್ದೆ. ಪಕ್ಕದ ಮೇಜಿನಲ್ಲಿ ಓದುತ್ತಿದ್ದ ಸಂಶೋಧನಾ ವಿದ್ಯಾರ್ಥಿನಿ ನೋಡಿ, 'ಸರ್, ಅದು ಳ ಅಲ್ಲ, ಹಳೇ ೞ' ಅಂತ ಹೇಳಿ, ತನ್ನ ಕೆಲಸ ಬಿಟ್ಟು ಒಂದು ತಾಸು ಕೂತು ಓದಿಸಿದರು. ನಾನು ಪೆನ್ಸಿಲಿನಲ್ಲಿ ಸಾಲು ಸಾಲಾಗಿ ಬರೆದುಕೊಂಡೆ. ಆಮೇಲೆ ಅಲ್ಲಿನವರ ಅನುಮತಿ ಪಡೆದು, ಶುಲ್ಕ ಕಟ್ಟಿ, ಫ್ಲ್ಯಾಶ್ ಇಲ್ಲದೆ ಆ ಎರಡು ಪುಟದ ಫೋಟೊ ತೆಗೆದುಕೊಂಡೆ.

ಏನು ಬರೆದಿತ್ತು ಹೇಳುತ್ತೇನೆ. ಊರಿನ ಗೌಡರು, ಪ್ರಜೆಗಳು ಸೇರಿ ಕೆರೆಗೆ ಬಂಡಿ ನಡೆಸುವವನಿಗೆ ಕೆರೆ ಕೆಳಗೆ ಗದ್ದೆ ಬಿಟ್ಟುಕೊಟ್ಟಿದ್ದಾರೆ. ಬಂಡಿ ಅಂದರೆ ಕೆರೆಯ ಮಣ್ಣು ತೆಗೆದು ಏರಿಗೆ ಹಾಕುವ ಗಾಡಿ. ವರ್ಷವರ್ಷ ಆ ಕೆಲಸ ಮಾಡುವವನು ಆ ಗದ್ದೆಯ ಫಲ ಉಣ್ಣಬೇಕು. ಗದ್ದೆ ಎಷ್ಟು ಅನ್ನುವುದನ್ನು ಎಕರೆ ಗುಂಟೆಯಲ್ಲಿ ಹೇಳಿಲ್ಲ, ಎಷ್ಟು ಬೀಜ ಬಿತ್ತಬಹುದು ಎಂಬ ಅಳತೆಯಲ್ಲಿ ಹೇಳಿದ್ದಾರೆ. ನಮ್ಮ ಅಜ್ಜಂದಿರು ಖಂಡುಗದ ಗದ್ದೆ, ಕೊಳಗದ ಗದ್ದೆ ಅನ್ನುತ್ತಿದ್ದರಲ್ಲ, ಹಾಗೆ. ಇಂಥ ದಾನಗಳು ನಮ್ಮ ನಾಡಿನ ಶಾಸನಗಳಲ್ಲಿ ಬೇಕಾದಷ್ಟು ಇವೆಯಂತೆ. ಕೆರೆಗೊಡಗೆ, ಬಿತ್ತುವಟ್ಟ ಎಂಬ ಹೆಸರುಗಳೇ ಇವೆ ಅಂತ ಆ ವಿದ್ಯಾರ್ಥಿನಿ ಹೇಳಿದರು.

ಸೂರ್ಯ ಚಂದ್ರ ಯಾಕೆ ಅಂದರೆ, ಅವರಿರುವ ತನಕ ಈ ದಾನ ನಡೆಯಲಿ ಅಂತ. ಕೊನೆಯ ಸಾಲುಗಳಲ್ಲಿ ಶಾಪ. ಇದನ್ನು ಕೆಡಿಸಿದವನು ಗಂಗೆಯ ದಡದಲ್ಲಿ ಹಸು ಕೊಂದ ಪಾಪಕ್ಕೆ ಹೋಗುತ್ತಾನೆ ಅಂತ. ಹೆಚ್ಚಿನ ದಾನ ಶಾಸನಗಳಲ್ಲಿ ಈ ಥರದ ಮಾತು ಇರುತ್ತದೆ.

ನಿಧಿ, ಕೊಪ್ಪರಿಗೆ, ಚಿನ್ನ ಅಂತ ಒಂದು ಅಕ್ಷರವೂ ಇಲ್ಲ. ಸಿಕ್ಕಿದ್ದರೂ ಅಗೆದವರಿಗೆ ದಕ್ಕುತ್ತಿರಲಿಲ್ಲ ಬಿಡಿ. ನೆಲದಲ್ಲಿ ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕು, ಮುಚ್ಚಿಟ್ಟರೆ ಅಪರಾಧ.

ಊರಿಗೆ ಬಂದು ಆಂಜನೇಯನ ಗುಡಿ ಕಟ್ಟೆ ಮೇಲೆ ಒಂದು ಸೋಮವಾರ ಓದಿ ಹೇಳಿದೆ. ಇಪ್ಪತ್ತು ಮೂವತ್ತು ಜನ ಸೇರಿದ್ದರು. ಒಬ್ಬರು 'ಅದ್ಸರಿ, ನಿಧಿ ಎಲ್ಲೈತೆ?' ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ 'ಪೇಪರ್‌ನಲ್ಲಿ ನಿಧಿ ಅಂತ ಬರೆದದ್ದು ನಾನೇ, ಓದದೆ ಬರೆದೆ, ತಪ್ಪಾಯ್ತು' ಅಂದೆ. ಆಗ ಯಾರೂ ನಗಲಿಲ್ಲ. ಯಾರೂ ಬೈಯಲೂ ಇಲ್ಲ. ಬೈದಿದ್ದರೆ ಸ್ವಲ್ಪ ಹಗುರಾಗುತ್ತಿತ್ತೇನೋ.

ನೀರಗಂಟಿ ತಾತ ಎಲ್ಲರೂ ಎದ್ದು ಹೋದ ಮೇಲೆ ಹತ್ತಿರ ಬಂದರು.

'ಆ ಗದ್ದೆ ಯಾರಿಗೆ ಕೊಟ್ರು ಅಂತ ಹೆಸ್ರೈತಾ?'

ಈ ಪ್ರಶ್ನೆ ಬರುತ್ತದೆ ಅಂತ ನನಗೆ ಬಸ್ಸಿನಲ್ಲೇ ಗೊತ್ತಿತ್ತು. ಹೆಸರಿರುವ ಜಾಗದಲ್ಲಿ ರೈಸ್ ಪುಸ್ತಕದಲ್ಲಿ ಚುಕ್ಕಿಗಳಿವೆ. ಕಲ್ಲು ಸವೆದು ಓದಲಾಗದ ಕಡೆ ಅವರು ಊಹೆ ಮಾಡದೆ ಚುಕ್ಕಿ ಹಾಕಿಬಿಡುತ್ತಿದ್ದರು. ಶಕ ವರ್ಷದ ಜಾಗದಲ್ಲೂ ಚುಕ್ಕಿಯೇ. ಅಂದರೆ ಅವರ ಕಾಲಕ್ಕಾಗಲೇ ಆ ಹೆಸರು ಅಳಿಸಿಹೋಗಿತ್ತು. ತಾತನ ಮುಖ ನೋಡಿದರೆ 'ನಿಮ್ಮ ಮನೆಯವರೇ ಇರಬೇಕು ತಾತ' ಅನ್ನಬೇಕು ಅನ್ನಿಸಿತು. ಯಾರಿಗೆ ಏನು ನಷ್ಟ? ಅವರು ಖುಷಿಯಾಗಿ ಮನೆಗೆ ಹೋಗುತ್ತಿದ್ದರು. ಆದರೆ 'ಎನ್ನಲಾಗುತ್ತದೆ' ಅಂತ ಒಂದು ಸಾಲು ಸೇರಿಸಿ ಏನಾಯಿತು ಅಂತ ನೋಡಿದ್ದೇನೆ.

'ಇಲ್ಲ ತಾತ. ಹೆಸರಿನ ಜಾಗ ಸವೆದೈತಂತೆ, ಅವ್ರೂ ಬರ್ಕಂಡಿಲ್ಲ' ಅಂದೆ.

ತಾತ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹೋಗ್ಲಿ ಬಿಡು. ಕೆಲ್ಸ ಏನಂತ ಬರ್ದವ್ರಲ್ಲ' ಅಂದರು. ಆಮೇಲೆ ಕೆರೆ ಕಡೆ ನೋಡುತ್ತಾ, 'ಹೂಳು ತೆಗ್ಯಕೆ ಗದ್ದೆ ಕೊಡ್ತಿದ್ರಂತೆ ನೋಡು. ಈಗ ಹೂಳು ತೆಗ್ದು ಎಷ್ಟ್ ವರ್ಷ ಆಯ್ತು?' ಅಂದರು. ನನಗೂ ನೆನಪಿಲ್ಲ.

ತಿದ್ದುಪಡಿ ಸುದ್ದಿ ಬರೆದು ಪತ್ರಿಕೆಗೆ ಕಳಿಸಿದೆ. ನಿಧಿಗೆ ಮೂರು ಕಾಲಂ ಸಿಕ್ಕಿತ್ತು. ಇದಕ್ಕೆ ಒಳಪುಟದಲ್ಲಿ ಒಂದು ಕಾಲಂ, ಆರು ಸಾಲು. ನಾನೇ ತಪ್ಪು ಬರೆದಿದ್ದೆ ಎಂಬ ಮಾತು ಡೆಸ್ಕಿನಲ್ಲಿ ಬಿಟ್ಟುಹೋಗಿತ್ತು. ಅದಕ್ಕೇ ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಉಳಿದ ಅರ್ಧ ಕಲ್ಲು ಏರಿ ಮೇಲೆಯೇ ಇದೆ. ಪಂಚಾಯ್ತಿ ಕಡೆಯಿಂದ ಪುರಾತತ್ವ ಇಲಾಖೆಗೆ ಅರ್ಜಿ ಹಾಕಿದ್ದೇವೆ. ಅವರು ಬಂದು ಹೇಳುವ ತನಕ ನಾವಾಗಿ ಸಿಮೆಂಟ್ ಹಾಕುವುದು ಬೇಡ ಅಂತ ಮಾತಾಗಿದೆ. ಚೂರುಗಳನ್ನು ಚೀಲದಲ್ಲಿ ಕಟ್ಟಿ ಶಾಲೆಯ ಬೀರುವಿನಲ್ಲಿ ಇಟ್ಟಿದ್ದೇವೆ. 14 ಸಾಲಿನ ಅರ್ಥವನ್ನು ಈಗಿನ ಕನ್ನಡದಲ್ಲಿ ಶಾಲೆ ಗೋಡೆ ಮೇಲೆ ಮೇಷ್ಟ್ರು ಬರೆಸಿದ್ದಾರೆ. ಚುಕ್ಕಿ ಇರುವ ಕಡೆ ಚುಕ್ಕಿಯನ್ನೇ ಹಾಕಿ ಅಂತ ನಾನು ಹೇಳಿದ್ದೆ, ಹಾಗೇ ಹಾಕಿದ್ದಾರೆ.

ನಿಮ್ಮೂರಲ್ಲೂ ಇಂಥ ಕಲ್ಲಿರಬಹುದು. ಗುಡಿ ಮುಂದೆ, ತೂಬಿನ ಹತ್ತಿರ, ಯಾರದೋ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಾಗಿ. ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನವನ್ನು 1936ರಲ್ಲಿ ಎಂ.ಎಚ್. ಕೃಷ್ಣ ಅವರು ಗುರುತಿಸುವ ತನಕ ಅದೂ ಊರ ಗುಡಿ ಮುಂದಿನ ಒಂದು ಕಲ್ಲೇ. ಯಾರಾದರೂ ಒಡೆಯುವ ಮೊದಲು ಓದಿಸಿಬಿಡಿ. ನಾನು ಪಟ್ಟ ಪಾಡು ನಿಮಗೆ ಬೇಡ ಅಂತ ದಾರಿ ಹೇಳುತ್ತೇನೆ.

ರೈಸ್ ಸಂಪುಟಗಳಲ್ಲಿ 1 ಕೊಡಗು, 2 ಶ್ರವಣಬೆಳಗೊಳ, 3 ಮತ್ತು 4 ಮೈಸೂರು ಜಿಲ್ಲೆ. ಮಂಡ್ಯದವರೂ ಇಲ್ಲೇ ನೋಡಿ, ಆಗ ಮಂಡ್ಯ ಜಿಲ್ಲೆ ಇರಲಿಲ್ಲ. 5 ಹಾಸನ, 6 ಚಿಕ್ಕಮಗಳೂರು, ಆಗಿನ ಹೆಸರು ಕಡೂರು ಜಿಲ್ಲೆ. 7 ಮತ್ತು 8 ಶಿವಮೊಗ್ಗ, 9 ಬೆಂಗಳೂರು, 10 ಕೋಲಾರ, 11 ಚಿತ್ರದುರ್ಗ, 12 ತುಮಕೂರು. ಇವುಗಳಲ್ಲಿ ಬಹಳಷ್ಟು ಆರ್ಕೈವ್ ಡಾಟ್ ಆರ್ಗ್ ಎಂಬ ತಾಣದಲ್ಲಿ ಫೋನಿನಲ್ಲೇ ಪುಕ್ಕಟೆ ಸಿಗುತ್ತವೆ. ಇದು ನನಗೆ ಆಮೇಲೆ ಗೊತ್ತಾಯಿತು! ಆದರೂ ಸ್ಕ್ಯಾನಿನಲ್ಲಿ ಮಸುಕಾದ ಅಕ್ಷರಕ್ಕೆ ಪುಸ್ತಕವನ್ನೇ ನೋಡಬೇಕು, ಪಕ್ಕದ ಮೇಜಿನವರು ಓದಿಸುವುದೂ ಅಲ್ಲೇ. ಮೈಸೂರು ವಿಶ್ವವಿದ್ಯಾಲಯದವರು 1970ರ ದಶಕದಿಂದ ಪರಿಷ್ಕರಿಸಿದ ಸಂಪುಟಗಳನ್ನು ತಂದಿದ್ದಾರೆ, ಅವನ್ನೂ ಕೇಳಿ. ಉತ್ತರ ಕರ್ನಾಟಕದವರು ಧಾರವಾಡದ ಕನ್ನಡ ಸಂಶೋಧನಾ ಸಂಸ್ಥೆ ಮತ್ತು ಹಂಪಿ ಕನ್ನಡ ವಿಶ್ವವಿದ್ಯಾಲಯದ ಶಾಸನ ಸಂಪುಟ ನೋಡಬಹುದು.

ಗ್ರಂಥಾಲಯಕ್ಕೆ ಹೋಗುವುದಾದರೆ ಮೊದಲೇ ಫೋನ್ ಮಾಡಿ. ನಿಮ್ಮೂರ ಶಾಲೆ ಹೆಡ್‌ಮಾಸ್ಟರೋ ಕಾಲೇಜು ಮೇಷ್ಟ್ರೋ ಕೊಟ್ಟ ಒಂದು ಪತ್ರ, ಗುರುತಿನ ಚೀಟಿ, ಎರಡು ಪೆನ್ಸಿಲ್ ಇರಲಿ. ನಿಮ್ಮೂರಿನ ಜೊತೆಗೆ ಅಕ್ಕಪಕ್ಕದ ಐದು ಊರಿನ ಹೆಸರು ಬರೆದುಕೊಂಡು ಹೋಗಿ. ಶಕ ವರ್ಷ ಕಂಡರೆ ಅದಕ್ಕೆ 78 ಕೂಡಿಸಿ, ಹೆಚ್ಚು ಕಡಿಮೆ ಇಸವಿ ಬರುತ್ತದೆ.

ಕಲ್ಲಿಗೆ ಸುಣ್ಣ, ಬಣ್ಣ, ಎಣ್ಣೆ ಹಚ್ಚಬೇಡಿ. ಅಕ್ಷರ ಕಾಣದಿದ್ದರೆ ಕತ್ತಲಾದ ಮೇಲೆ ಮೊಬೈಲ್ ಟಾರ್ಚನ್ನು ಕಲ್ಲಿನ ಪಕ್ಕದಿಂದ ಓರೆಯಾಗಿ ಹಿಡಿದು ಫೋಟೊ ತೆಗೆಯಿರಿ, ಎದ್ದು ಕಾಣುತ್ತದೆ. ಆದರೆ ಇಬ್ಬರು ಮೂವರು ಸೇರಿ, ಊರಿನವರಿಗೆ ಹೇಳಿ ಹೋಗಿ. ರಾತ್ರಿ ಹೊತ್ತು ಟಾರ್ಚ್ ಹಿಡಿದು ಒಬ್ಬರೇ ಕಲ್ಲಿನ ಹತ್ತಿರ ಕೂತರೆ ನಿಧಿಗಳ್ಳರು ಅಂತ ನಿಮ್ಮನ್ನೇ ಹಿಡಿದಾರು. ನಮ್ಮೂರಲ್ಲಿ ಈಗ ತಾತ ಸಂಜೆಯೂ ಒಂದು ಸುತ್ತು ಹಾಕುತ್ತಾರೆ.